ಲಾಲಮ್ಮ ಹೊತ್ತು ತಂದ ನೆಲ

ನಂಬಬೇಡ, ಬಿಡು. ನೆಲವನ್ನು ಯಾರಾದರೂ ತಲೆಯ ಮೇಲೆ ಹೊತ್ತುಕೊಂಡು ಮೂರು ಮಹಡಿ ಹತ್ತುತ್ತಾರಾ ಎಂದು ಕೇಳುತ್ತೀಯಲ್ಲ, ಹತ್ತುತ್ತಾರೆ. ಶಹಾಬಾದದಲ್ಲಿ ಹತ್ತುತ್ತಾರೆ. ನಿಮ್ಮ ಊರಿನ ನೆಲ ಹುಟ್ಟಿದಾಗಿನಿಂದ ಒಂದೇ ಕಡೆ ಬಿದ್ದುಕೊಂಡಿರುವ ಸೋಮಾರಿ. ನಮ್ಮ ಕಡೆಯ ನೆಲ ಕರೆದರೆ ಎದ್ದು ಬರುತ್ತದೆ. ಏನು, ಸುಳ್ಳಾ? ಶಹಾಬಾದದ ಕಲ್ಲಿನ ಬಗ್ಗೆ ನಾನು ಹೇಳಿದ್ದರಲ್ಲಿ ಸುಳ್ಳು ಒಂದೇ ಒಂದು, ಅದೂ ಹಳೆಯದು: ಮೇ ತಿಂಗಳಲ್ಲಿ ಆ ಕಲ್ಲಿನ ಮೇಲೆ ಅಂಗಿ ಬಿಚ್ಚಿ ಮಲಗಿದವನಿಗೆ ಹಿಡಿದ ನೆಗಡಿ ದೀಪಾವಳಿಗೆ ಬಿಟ್ಟಿತು ಎಂದಿದ್ದೆ. ದೀಪಾವಳಿಗಲ್ಲ, ದಸರೆಗೇ ಬಿಟ್ಟಿತ್ತು. ಮಿಕ್ಕಿದ್ದೆಲ್ಲ ಖರೆ. ಲಾಲಮ್ಮನ ಸಂಗತಿಯಂತೂ ಅವಳಿರುವ ಬಿಲ್ಡಿಂಗಿನ ಯಾರನ್ನು ಬೇಕಾದರೂ ಕೇಳು. ಮೂರನೆಯ ಮಹಡಿಯ ಭಾರಕ್ಕೆ ಬಿಲ್ಡಿಂಗು ವಾಡಿ ಊರಿನ ಕಡೆಗೆ ಅರ್ಧ ಬೆರಳು ವಾಲಿದ್ದನ್ನು ಕಂಡವರಿದ್ದಾರೆ. ಆಯ್ತು, ಅದನ್ನು ಬಿಡು. ಅದು ವಾಲಿರಲಿಲ್ಲ. ಮುಂದಿನದು ಕೇಳು.

ಲಾಲಮ್ಮ ಕಲ್ಲಿನ ಯಾರ್ಡಿನಲ್ಲಿ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಮಷೀನಿನ ಮೇಲೆ ಕೆಲಸ ಮಾಡುವವಳು. ವಯಸ್ಸು ನಲವತ್ತೆರಡು. ಬೆಳಿಗ್ಗೆ ಎಂಟಕ್ಕೆ ಕರಿ ಮೈಯಲ್ಲಿ ಒಳಗೆ ಹೋದರೆ ಸಂಜೆ ಆರಕ್ಕೆ ಬಿಳಿ ಮೈಯಲ್ಲಿ ಹೊರಗೆ ಬರುತ್ತಾಳೆ, ಅಷ್ಟು ಕಲ್ಲಿನ ಹಿಟ್ಟು. ಗಂಡ ನಾಮದೇವ ಕಲ್ಲಿನ ಖಣಿಯಲ್ಲಿ ಕಬ್ಬಿಣದ ಹಾರಿ ಹಾಕಿ ಫರಸಿ ಎಬ್ಬಿಸುತ್ತಿದ್ದವನು. ಒಂದು ದಿನ ಎಬ್ಬಿಸಿದ ಫರಸಿ ಜಾರಿ ಅವನ ಎಡಗಾಲಿನ ಗೆಣ್ಣಿನ ಮೇಲೆ ಕೂತಿತು. ಎಲುಬು ಕೂಡಿತು, ಪಾದ ಮಾತ್ರ ಮೊದಲಿನಂತೆ ಏಳಲಿಲ್ಲ. ಈಗ ಅದನ್ನು ಎಳೆದುಕೊಂಡು ನಡೆಯುತ್ತಾನೆ. ಮಾತು ಮಾತ್ರ ಎರಡೂ ಕಾಲಲ್ಲಿ ಓಡುತ್ತದೆ.

ಖಣಿಯ ದಂಡೆಯಲ್ಲಿ ಅವರದೊಂದು ತಗಡಿನ ಮನೆ ಇತ್ತು. ಖಣಿ ಅಗಲವಾಗುತ್ತಾ ಅಂಗಳದ ತನಕ ಬಂದಾಗ ಮಾಲೀಕರು ಜಾಗ ಖಾಲಿ ಮಾಡಲು ಹದಿನೈದು ದಿನ ಕೊಟ್ಟರು. ಗಂಡಹೆಂಡತಿ ಶಹಾಬಾದದಲ್ಲಿ ಮನೆ ಹುಡುಕಲು ಹೊರಟರು.

ಮೊದಲನೆಯ ಮನೆಯವರು ಹೆಸರು ಕೇಳಿದರು, ಊರು ಕೇಳಿದರು, ಅಡ್ಡಹೆಸರು ಕೇಳಿದರು, ಆಮೇಲೆ ಮಗಳು ಬಾಣಂತನಕ್ಕೆ ಬರುತ್ತಾಳೆ ಎಂದರು. ಎರಡನೆಯವರ ಮಗಳೂ ಬಾಣಂತನಕ್ಕೆ ಬರುವವಳಿದ್ದಳು. ಮೂರನೆಯ ಮನೆ ಗಟ್ಟಿಯಾಯಿತು. ಯಾರ್ಡಿನ ಕಲ್ಲು ಸಾಗಿಸುವ ಬಾಬುಮಿಯಾನ ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಹೋದರೆ, ಲಾಲಮ್ಮನ ತೊಡೆಯ ಮೇಲೆ ಜೋಪಾನವಾಗಿ ಕೂತಿದ್ದ ಬಾಬಾಸಾಹೇಬರ ಫೋಟೋ ನೋಡಿ ಮಾಲೀಕ ಬಾಗಿಲಲ್ಲೇ ಅಡ್ಡ ನಿಂತ.

"ಬೋರಿಗಿ ನೀರು ನಿಂತಾವ. ನಿಮಗ ತ್ರಾಸ ಆಗ್ತದ."

ಅವನ ಬೆನ್ನ ಹಿಂದೆ ನಲ್ಲಿ ಧೋ ಎಂದು ಸುರಿಯುತ್ತಿತ್ತು. ನಾಮದೇವ ಅದನ್ನೇ ನೋಡುತ್ತ ಹೇಳಿದ: "ಹೌದ್ರಿ ಮಾಲಕರ, ಭಾಳ ಜೋರಾಗಿ ನಿಂತಾವ."

ಲಾಲಮ್ಮ ನಗಲಿಲ್ಲ. ಬಾಬುಮಿಯಾ ಟೆಂಪೋ ತಿರುಗಿಸಿದ. ಆ ಟೆಂಪೋ ಡೀಸೆಲ್ ಮೇಲಲ್ಲ, ಹಾರನ್ ಮೇಲೆ ಓಡುತ್ತಿತ್ತು. ಹಾರನ್ ಬಿಟ್ಟರೆ ಗಾಡಿ ನಿಂತುಬಿಡುತ್ತಿತ್ತು. ಹಾಗೆ ಒದರಿಸುತ್ತಲೇ ಅವನು ಹೇಳಿದ: "ಲಾಲಮ್ಮಕ್ಕಾ, ವಾಡಿ ರಸ್ತಾದಾಗ ಸರ್ಕಾರದವ್ರು ಮಜಲಾ ಮ್ಯಾಲ ಮಜಲಾ ಮನಿ ಕಟ್ಯಾರ. ಕೂಲಿ ಮಂದಿಗಿ ಕಮ್ಮಿ ಬಾಡಿಗಿ. ಅಲ್ಲಿ ಚೀಟಿ ಎತ್ತತಾರ. ಚೀಟಿಗಿ ನಿಮ್ಮ ಅಡ್ಡಹೆಸರು ಬೇಕಾಗಿಲ್ಲ."

ಅರ್ಜಿ ಹಾಕಿದರು, ಚೀಟಿ ಎತ್ತುವ ತನಕ ಯಾರ್ಡಿನ ಮೂಲೆಯಲ್ಲಿ ತಾಡಪತ್ರಿ ಕಟ್ಟಿಕೊಂಡು ಇದ್ದರು. ಚೀಟಿ ಎತ್ತುವ ದಿನ ಸಭಾಂಗಣದಲ್ಲಿ ಆರುನೂರು ಜನ, ಅರವತ್ತು ಮನೆ. ಮೇಲೆ ಒಂದು ಫ್ಯಾನು, ಎರಡು ಸುತ್ತಿನ ನಡುವೆ ಗುಬ್ಬಿ ಅದರ ಮೇಲೆ ಗೂಡು ಕಟ್ಟಿ ಮೊಟ್ಟೆ ಇಟ್ಟು ಹೋಗುವಷ್ಟು ನಿಧಾನ. ಸ್ಟೀಲಿನ ಕೊಡದಿಂದ ಐವತ್ತೇಳನೆಯ ಚೀಟಿ ಬಂದಾಗಲೂ ಲಾಲಮ್ಮನ ಹೆಸರು ಬಂದಿರಲಿಲ್ಲ. ಸೆರಗಿನ ತುದಿ ಕಚ್ಚಿ ಕಚ್ಚಿ ದಾರ ಕಿತ್ತುಬಂದಿತ್ತು. ಐವತ್ತೆಂಟನೆಯದು ಅವಳದು. ಮೂರನೆಯ ಮಹಡಿ.

"ಸಾಹೇಬ್ರ, ನಮ್ಮವರ ಕಾಲು ಸರಿ ಇಲ್ರಿ. ಕೆಳಗಿಂದು ಕೊಟ್ರ ಭಾಳ ಪುಣ್ಯ ಬರ್ತದ."

"ಚೀಟಿ ಏನ್ ಹೇಳ್ತದ ಅದೇ ಬಾಯಾರ," ಎಂದ ಗುಮಾಸ್ತ. "ಬ್ಯಾಡಾದ್ರ ಹೇಳ್ರಿ, ಹಿಂದ ಐನೂರ ಮಂದಿ ನಿಂತಾರ."

ಲಾಲಮ್ಮ ಬೇಡ ಅನ್ನಲಿಲ್ಲ.

ಒಂದು ಕೋಣೆ, ಒಂದು ಅಡಿಗೆಮನೆ, ಒಳಗೇ ಬಚ್ಚಲು. ಬಾಗಿಲ ಹಿಂದೆ ನಿಯಮಗಳ ಹಾಳೆ ಅಂಟಿಸಿದ್ದರು. ಏಳನೆಯ ಇಯತ್ತೆ ತನಕ ಓದಿದ ಲಾಲಮ್ಮ ಅದನ್ನು ಬೆರಳಿಟ್ಟು ಓದಿದಳು. ಕರಾರು ಹನ್ನೊಂದು ತಿಂಗಳದ್ದು, ತಪಾಸಣೆ ಆದ ಮೇಲೆ ಮುಂದುವರಿಕೆ. ತಪಾಸಣೆಯ ಹೊತ್ತಿಗೆ ಯಾರ ಹೆಸರಿನಲ್ಲಿ ಮನೆ ಇದೆಯೋ ಅವರೇ ಮನೆಯಲ್ಲಿರಬೇಕು. ಬೇರೆಯವರನ್ನು ಇರಿಸಬಾರದು. ಗೋಡೆಗೆ ಮೊಳೆ ಹೊಡೆಯಬಾರದು. ಗೋಡೆ, ನೆಲ, ಬಾಗಿಲು ಯಾವುದನ್ನೂ ಬದಲಿಸಬಾರದು. ಬದಲಿಸಿದರೆ ಮನೆ ವಾಪಸ್ಸು.

"ಉಸಿರಾಡೋದರ ಬಗ್ಗೆ ಏನರೆ ಬರದಾರೇನು ನೋಡು," ಎಂದ ನಾಮದೇವ.

ತಾಪತ್ರಯ ಶುರುವಾದದ್ದು ನೆಲದಿಂದ. ಬಿಳಿ ಟೈಲ್ಸು. ಮುಖ ಕಾಣುವಷ್ಟು ನುಣುಪು. ನೋಡಿದವರೆಲ್ಲ ಹೊಗಳಿದರು. ಹತ್ತೊಂಬತ್ತನೆಯ ದಿನ ನಾಮದೇವ ಹಿತ್ತಾಳೆಯ ಕೊಡ ಹಿಡಿದು ಬಚ್ಚಲ ಕಡೆ ಹೋಗುವಾಗ ಎಡಗಾಲು ಜಾರಿತು. ಕೊಡ ಒಂದು ಕಡೆ, ಅವನು ಒಂದು ಕಡೆ. ಕೊಡ ಬಿದ್ದ ಕಡೆ ಟೈಲ್ಸಿನ ಮೂಲೆ ಸೀಳಿತು. ಅವನು ಬಿದ್ದ ಕಡೆ ಸೊಂಟ ಬಾತಿತು. ಹನ್ನೆರಡು ದಿನ ಮಂಚದ ಮೇಲಿದ್ದ. ಒಡೆದ ಟೈಲ್ಸಿನ ಸುದ್ದಿಯನ್ನು ಲಾಲಮ್ಮ ಆಫೀಸಿಗೆ ಹೇಳಲಿಲ್ಲ. ಮನೆಗೆ ಬಂದು ತಿಂಗಳಾಗಿಲ್ಲ, ಈಗಲೇ ನೆಲ ಒಡೆದಿರಾ ಎಂದರೆ? ಅದರ ಮೇಲೊಂದು ಕಾಲೊರೆಸು ಹಾಕಿದಳು.

ಆಮೇಲೆ ಅವಳಿಗೊಂದು ವಿಷಯ ಕಾಣಿಸಿತು. ಕೆಲಸಕ್ಕೆ ಹೋಗುವಾಗ ಮಂಚದ ಹತ್ತಿರ ಇಟ್ಟ ನೀರು ಸಂಜೆ ಹಾಗೆಯೇ ಇರುತ್ತಿತ್ತು. ಥರ್ಮಾಸಿನ ಚಹಾ ಹಾಗೆಯೇ ಇರುತ್ತಿತ್ತು. ಮೇ ತಿಂಗಳು, ಹೊರಗೆ ಕಾಗೆಗಳು ನೆರಳಿನಿಂದ ನೆರಳಿಗೆ ನಡೆದುಕೊಂಡು ಹೋಗುವಂಥ ಬಿಸಿಲು.

"ಯಾಕ ನೀರು ಕುಡಿಯಂಗಿಲ್ರಿ?"

"ನೀರಡಿಕಿ ಆಗಿಲ್ಲ."

"ಖರೆ ಹೇಳ್ರಿ."

ನಾಮದೇವ ಗೋಡೆ ಕಡೆ ಹೊರಳಿದ. "ಕುಡದ್ರ ಬಚ್ಚಲಕ ಹೋಗಬೇಕಾಗ್ತದ. ನೀ ಬರೋತನ ಯಾರ ಕೈ ಹಿಡೀಲಿ?"

ಆವತ್ತು ರಾತ್ರಿ ಲಾಲಮ್ಮ ಊಟ ಮಾಡಲಿಲ್ಲ. ಮರುದಿನ ಸಂಜೆ ಕೆಲಸದಿಂದ ಬರುವಾಗ ಅವಳ ತಲೆಯ ಮೇಲೊಂದು ಸಿಂಬಿ, ಸಿಂಬಿಯ ಮೇಲೆ ಎರಡು ಅಡಿ ಚೌಕದ ಒಂದು ಫರಸಿ.

ಇಲ್ಲಿ ಖಣಿ ಮಂದಿಯ ಒಂದು ಪದ್ಧತಿ ನಿನಗೆ ಗೊತ್ತಿರಬೇಕು. ಖಣಿಯ ದಂಡೆಯ ಮನೆ ಎರಡು ಮೂರು ವರ್ಷಕ್ಕೊಮ್ಮೆ ಜಾಗ ಬಿಡಬೇಕು. ಅದಕ್ಕೆ ಅವರು ನೆಲಕ್ಕೆ ಸಿಮೆಂಟು ಹಾಕುವುದಿಲ್ಲ. ಕಲ್ಲಿನ ಹಿಟ್ಟು ಹರಡಿ, ಅದರ ಮೇಲೆ ಫರಸಿಗಳನ್ನು ಒಂದಕ್ಕೊಂದು ಒತ್ತಿ ಕೂಡಿಸುತ್ತಾರೆ. ಎದ್ದು ಹೋಗುವ ದಿನ ಹಾರಿಯಿಂದ ಒಂದನ್ನು ಎಬ್ಬಿಸಿದರೆ ಸಾಕು, ಮಿಕ್ಕವು ತಾವೇ ಎದ್ದು ಬರುತ್ತವೆ. ಗಡಿಗೆ, ಮಂಚ, ಕೌದಿ, ನೆಲ ಎಲ್ಲ ಒಂದೇ ಗಾಡಿಯಲ್ಲಿ. ಲಾಲಮ್ಮನ ತಾಯಿಯ ನೆಲ ಐದು ಮನೆ ಕಂಡಿತ್ತು.

ಹಾಗಾಗಿ ಲಾಲಮ್ಮನ ತಲೆಯಲ್ಲಿ ನೆಲ ಬದಲಿಸುವ ವಿಚಾರವೇ ಇರಲಿಲ್ಲ. ಚಾಪೆ ಹಾಸುವಂತೆ ಅವಳು ನೆಲ ಹಾಸುತ್ತಿದ್ದಳು, ಅಷ್ಟೇ. ನಿಯಮದ ಹಾಳೆ ಓದಿದ್ದಳು, ಆದರೂ ಅದಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ. ಮೂಲೆ ಮುರಿದು ಮಾರಾಟಕ್ಕೆ ಬಾರದ ಕಲ್ಲುಗಳನ್ನು ಯಾರ್ಡಿನ ಸೇಠ ಬೇಕಾದವರು ಒಯ್ಯಿರಿ ಎನ್ನುತ್ತಿದ್ದ. ಎರಡು ಸಲ ಹೋಗಿ ಬಂದು ದಿನಕ್ಕೆ ಎರಡರಂತೆ ಹನ್ನೊಂದು ದಿನ, ಇಪ್ಪತ್ತೆರಡು ಕಲ್ಲು. ಬಾಗಿಲಿನಿಂದ ಮಂಚದ ತನಕ, ಮಂಚದಿಂದ ಬಚ್ಚಲಿನ ತನಕ, ಅಲ್ಲಿಂದ ಅಡಿಗೆಮನೆ ತನಕ ಹಾದಿ. ಅದಕ್ಕೂ ಮೊದಲು ಪ್ರತಿ ಕಲ್ಲಿನ ಮೈಗೆ ಉಳಿಯಿಂದ ಸಣ್ಣ ಸಣ್ಣ ಏಟು ಹಾಕಿ ಒರಟು ಮಾಡಿದಳು. ಹಗಲೆಲ್ಲ ಕಲ್ಲು ನುಣುಪು ಮಾಡುವ ಕೈ, ಸಂಜೆ ಕೂತು ಕಲ್ಲನ್ನು ಒರಟು ಮಾಡಿತು.

ಕೊನೆಯ ಕಲ್ಲು ಕೂತ ದಿನ ನಾಮದೇವ ಒಬ್ಬನೇ ಬಚ್ಚಲಿಗೆ ಹೋಗಿ ಒಬ್ಬನೇ ಬಂದ. ಕೆಲಸವಿಲ್ಲದಿದ್ದರೂ ಮತ್ತೆ ಮೂರು ಸಲ ಹೋಗಿ ಬಂದ.

ಆದರೆ ಉಳಿಯ ಸದ್ದು ಕೆಳಗೆ ಇಳಿಯುತ್ತದಲ್ಲ. ಎರಡನೆಯ ಮಹಡಿಯಲ್ಲಿ, ಸರಿಯಾಗಿ ಇವರ ಕೆಳಗೆ, ಶಿವಗಂಗಾ ಎಂಬ ಹೆಣ್ಣುಮಗಳು. ಅಂಗನವಾಡಿಯಲ್ಲಿ ಅಡಿಗೆ ಮಾಡಿ ನಿವೃತ್ತಳಾದವಳು, ಒಬ್ಬಳೇ ಇರುವವಳು, ಬೆಳಿಗ್ಗೆ ಸಂಜೆ ಲಿಂಗಪೂಜೆ ತಪ್ಪಿಸದವಳು. ಮೆಟ್ಟಿಲಲ್ಲಿ ಲಾಲಮ್ಮನನ್ನು ತಡೆದಳು.

"ಏನ್ ನಡದದ ಮ್ಯಾಲ? ಹನ್ನೊಂದ ದಿನ ಆಯ್ತು ಠಣ್ ಠಣ್ ಅಂತ. ಪೂಜಾಕ್ಕ ಕುಂತ್ರ ನನ್ನ ತಲಿ ಮ್ಯಾಲೇ ಹೊಡದಂಗ ಆಗ್ತದ. ಮನಿ ಒಡ್ಯಾಕತ್ತೀಯೇನು?"

"ಮುಗೀತ್ರಿ ಬಾಯಾರ, ಇವತ್ತಿಗಿ ಮುಗೀತು."

"ನನಗೇನ ಹೇಳಬ್ಯಾಡ. ನಾ ಆಫೀಸಿಗಿ ಬರದು ಕೊಟ್ಟೀನಿ. ಎರಡು ಪುಟ."

 ಆಗ ಲಾಲಮ್ಮನಿಗೆ ಹಾಳೆಯ ಸಾಲು ನೆನಪಾಯಿತು: ನೆಲ ಬದಲಿಸಬಾರದು. ಹಾಸುವುದು ಬದಲಿಸುವುದಾಗುತ್ತದಾ? ನಾಮದೇವನನ್ನು ಕೇಳಿದಳು. "ಆಗಂಗಿಲ್ಲ," ಎಂದವನು ಅರ್ಧ ತಾಸಿನ ಮೇಲೆ "ಆಗ್ತದೇನೋ," ಎಂದ.

ಕಲ್ಲು ತೆಗೆದುಬಿಡಲೇ ಎಂದು ಪ್ರತಿದಿನ ಯೋಚಿಸಿದಳು. ಪ್ರತಿ ಸಂಜೆ ಖಾಲಿಯಾದ ನೀರಿನ ತಂಬಿಗೆ ನೋಡಿ ಬಿಟ್ಟಳು. ಹೀಗೆ ತಿಂಗಳುಗಳು ಹೋದವು. ಆಫೀಸಿನಿಂದ ಯಾರೂ ಬರಲಿಲ್ಲ. ಹನ್ನೊಂದನೆಯ ತಿಂಗಳು ಬಂತು. ತಪಾಸಣೆ ಶುರುವಾಯಿತು, ಪಕ್ಕದ ಬಿಲ್ಡಿಂಗಿನಲ್ಲಿ ಏಳು ಮನೆಗೆ ಬೀಗ ಬಿತ್ತು ಎಂಬ ಸುದ್ದಿ ಬಂತು. ಒಬ್ಬ ಗೋಡೆ ಒಡೆದು ಕಪಾಟು ಕೂಡಿಸಿದ್ದ, ಉಳಿದವರು ಮನೆಯಲ್ಲೇ ಇರಲಿಲ್ಲ. ಬರುವ ದಿನ ಮಾತ್ರ ಯಾರಿಗೂ ಗೊತ್ತಿಲ್ಲ. ಲಾಲಮ್ಮ ಎರಡು ದಿನ ಕೆಲಸ ಬಿಟ್ಟು ಕಾದಳು. ಮೂರನೆಯ ದಿನ ಸೇಠ ಬೇರೆಯವರನ್ನು ಕೆಲಸಕ್ಕೆ ಹಚ್ಚುತ್ತೇನೆ ಎಂದ. ಹೋದಳು.

ಆವತ್ತೇ ಬಂದರು.

ಮಷೀನಿನ ಗದ್ದಲದಲ್ಲಿ ಫೋನು ಕೇಳಿಸಲಿಲ್ಲ. ನೀರು ಕುಡಿಯಲು ಬಂದಾಗ ನೋಡಿದರೆ ನಾಮದೇವನ ಆರು ಕರೆ. ಮಾಡಿದಳು.

"ಎಲ್ಲಿದ್ದಿ? ಬಂದಾರ. ನಮ್ಮ ಬಿಲ್ಡಿಂಗೇ. ಕೆಳಗಿನ ಮಜಲಾ ನಡದದ. ನಾ ಕಲ್ಲಿನ ಮ್ಯಾಲ ಕೌದಿ ಹಾಸೀನಿ."

"ಕೌದಿ ಯಾಕ ಹಾಸಿದ್ರಿ?"

"ಕಾಣಬಾರದಂತ!"

ಯಾರ್ಡಿನ ಬಾಗಿಲಲ್ಲಿ ಬಾಬುಮಿಯಾ ಕಲ್ಲು ಹೇರುತ್ತಿದ್ದ. ಲಾಲಮ್ಮನ ಮುಖ ನೋಡಿ ಏನೂ ಕೇಳದೆ ಟೆಂಪೋ ಹತ್ತಿದ. ಹಾರನ್ ಒತ್ತಿದ, ಗಾಡಿ ಹಾರಿತು. ರೈಲ್ವೆ ಗೇಟಿನ ತನಕ ಹಾರಿತು. ಗೇಟು ಬಿದ್ದಿತ್ತು.

ಸಿಮೆಂಟಿನ ಗೂಡ್ಸ್ ರೈಲು. ಆ ರೈಲಿನ ಉದ್ದ ಎಂಥದ್ದೆಂದರೆ ಮುಂದಿನ ಎಂಜಿನ್ನು ವಾಡಿಯಲ್ಲಿ ಸೀಟಿ ಹೊಡೆದರೆ ಹಿಂದಿನ ಗಾರ್ಡ್ ಶಹಾಬಾದದಲ್ಲಿ ಅದನ್ನು ಕಾಗದದಲ್ಲಿ ಓದಬೇಕು. ಬಂತು, ಬಂತು, ಬಂತು, ಸರಿಯಾಗಿ ಗೇಟಿನ ನಡುವೆ ನಿಂತುಬಿಟ್ಟಿತು.

ಐದು ನಿಮಿಷ. ಹತ್ತು ನಿಮಿಷ. ಹಳಿಯ ಆಚೆ ಬಿಲ್ಡಿಂಗಿನ ನೀರಿನ ಟಾಕಿ ಕಾಣುತ್ತಿತ್ತು. ಫೋನು ಮತ್ತೆ ಬಂತು. "ಎರಡನೇ ಮಜಲಾಕ್ಕ ಬಂದ್ರು," ಎಂದ ನಾಮದೇವ, ಪಿಸುದನಿಯಲ್ಲಿ.

ಲಾಲಮ್ಮ ಇಳಿದಳು. ಎರಡು ಡಬ್ಬಿಗಳ ನಡುವಿನ ಕೊಂಡಿಯ ಹತ್ತಿರ ಹೋಗಿ ಬಗ್ಗಿದಳು. ಕೆಳಗೆ ಆಚೆಯ ಬಿಸಿಲು ಕಾಣುತ್ತಿತ್ತು. ಎರಡು ಮಾರು, ಅಷ್ಟೇ. ಬಗ್ಗಿ ದಾಟಿದರೆ ಮನೆ. ದಾಟದಿದ್ದರೆ ಮತ್ತೆ ಬಾಣಂತನಕ್ಕೆ ಬರುವ ಹೆಣ್ಣುಮಕ್ಕಳ ಊರಿನಲ್ಲಿ ಅಲೆದಾಟ.

"ಅಕ್ಕಾ! ಹುಚ್ಚ ಹಿಡದದೇನು? ಹಿಂದ ಬಾ! ಅಲ್ಲಾನ ಆಣಿ, ಹಿಂದ ಬಾ!"

ಅವಳು ಕೊಂಡಿಯ ಮೇಲೆ ಕೈಯಿಟ್ಟಳು. ಕಬ್ಬಿಣ ಸುಡುತ್ತಿತ್ತು. ಸುಟ್ಟಿತೆಂದು ಕೈ ತೆಗೆದಳು, ಅದೇ ಗಳಿಗೆಯಲ್ಲಿ ರೈಲಿನ ಮುಂದಿನ ತುದಿಯಿಂದ ಡಬಡಬ ಎಂದು ಜಗ್ಗಾಟ ಓಡಿ ಬಂತು. ಅವಳ ಮುಂದಿನ ಕೊಂಡಿ ಹಲ್ಲು ಕಚ್ಚಿದಂತೆ ಕಟ್ಟೆಂದಿತು. ಡಬ್ಬಿಗಳು ಚಲಿಸಿದವು. ಲಾಲಮ್ಮ ಹಿಂದೆ ಬಂದು ಟೆಂಪೋದ ಚಕ್ರ ಹಿಡಿದು ಕೂತಳು. ಬಾಬುಮಿಯಾ ಬೈಯಲಿಲ್ಲ. ಒಂದು ಬಾಟಲಿ ನೀರನ್ನು ಅವಳ ನೆತ್ತಿಗೆ ಸುರಿದ.

ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ಎರಡನೆಯ ಮಹಡಿಯಲ್ಲಿ ಶಿವಗಂಗಾಳ ದನಿ ಕೇಳಿಸಿತು. ತಪಾಸಣೆಗೆ ಬಂದ ಎಂಜಿನಿಯರ್ ಸುರೇಶಕುಮಾರನನ್ನು ಅವಳು ಬಾಗಿಲಲ್ಲಿ ಹಿಡಿದು ನಿಲ್ಲಿಸಿದ್ದಳು. ಎರಡು ಪುಟದ ತಕರಾರಿನಲ್ಲಿ ಬರೆಯದೆ ಉಳಿದದ್ದನ್ನೆಲ್ಲ ಹೇಳುತ್ತಿದ್ದಳು: ಯಾವ ದಿನ ಎಷ್ಟು ಹೊತ್ತು ಸದ್ದಾಯಿತು, ಯಾವ ದಿನ ಪೂಜೆಯ ಪತ್ರಿ ಕೈಯಿಂದ ಬಿತ್ತು. ಇಪ್ಪತ್ತು ನಿಮಿಷದಿಂದ ಹೇಳುತ್ತಿದ್ದಳು. ಮನೆ ಕಳೆಯಬೇಕೆಂದು ಆಡಿದ ಮಾತೇ ಲಾಲಮ್ಮನಿಗೆ ಮನೆ ಮುಟ್ಟುವಷ್ಟು ವೇಳೆ ಕೊಟ್ಟಿತ್ತು.

ಲಾಲಮ್ಮ ಸೆರಗು ಎಳೆದುಕೊಂಡು ಅವರನ್ನು ದಾಟಿ ಮೇಲೆ ಓಡಿದಳು. ಬೆನ್ನ ಹಿಂದೆಯೇ ಸುರೇಶಕುಮಾರ ಬಂದ, ಅವನ ಹಿಂದೆ ಶಿವಗಂಗಾ.

"ನೀವ್ಯಾಕ್ರಿ ಬಾಯಾರ?" ಎಂದ ಎಂಜಿನಿಯರ್.

"ತಕರಾರು ನಂದು. ನಾ ನೋಡಬೇಕು."

ನಾಮದೇವ ಮಂಚದ ಮೇಲೆ ಹೊಸ ಅಳಿಯನಂತೆ ಕೂತಿದ್ದ. ಇಡೀ ಕೋಣೆ ತುಂಬ ಕೌದಿ. ಇದ್ದ ಮೂರು ಕೌದಿ ಸಾಲದೆ ಸೀರೆಯನ್ನೂ ಹಾಸಿದ್ದ. ಸುರೇಶಕುಮಾರ ಒಂದು ಹೆಜ್ಜೆ ಇಟ್ಟ, ಕಾಣದ ಮೆಟ್ಟಿಲಿಗೆ ಬೂಟು ತಾಗಿ ಮುಗ್ಗರಿಸಿದ.

"ಏನಿದು?"

"ಕೌದಿ ಒಣಗಾಕ ಹಾಕೀವ್ರಿ," ಎಂದ ನಾಮದೇವ.

"ಮನಿಯೊಳಗ?"

"ಹೊರಗ ಬಿಸಿಲು ಭಾಳ ಅದರಿ, ಬಣ್ಣ ಹೋಗ್ತದ."

ಸುರೇಶಕುಮಾರ ಬಗ್ಗಿ ಕೌದಿಯ ತುದಿ ಎತ್ತಿದ. ಕೆಳಗೆ ಬೂದು ಬಣ್ಣದ ಕಲ್ಲು, ಉಳಿಯ ಚುಕ್ಕಿಗಳು. ಅವನು ನಿಧಾನವಾಗಿ ಪೆನ್ನಿನ ಮುಚ್ಚಳ ತೆಗೆದ.

"ಸರ್ಕಾರದ ನೆಲ ಕಿತ್ತು ಕಲ್ಲು ಹಾಕೀರಿ. ಇದರಾಗ ನಾ ಏನೂ ಮಾಡಾಕ ಬರಂಗಿಲ್ಲ. ಮುಂದುವರಿಕಿ ಇಲ್ಲ."

"ಕಿತ್ತಿಲ್ರಿ ಸಾಹೇಬ್ರ!" ಲಾಲಮ್ಮನ ದನಿ ಅವಳಿಗೇ ಗುರುತು ಸಿಗದಷ್ಟು ಜೋರಾಗಿತ್ತು. "ಹಾಸೀನಿ. ನಿಮ್ಮ ನೆಲ ಕೆಳಗ ಹಂಗೇ ಅದ. ತೋರಸ್ತೀನಿ."

"ತೋರಸ್ರಿ. ಒಂದ ಟೈಲ್ಸ್ ಒಡದಿದ್ರೂ ಹಾನಿ ಅಂತ ಬರೀತೀನಿ."

ಒಂದು. ಲಾಲಮ್ಮ ಗಂಡನ ಮುಖ ನೋಡಿದಳು. ನಾಮದೇವ ಬಚ್ಚಲ ಕಡೆ ನೋಡದಿರಲು ಎಷ್ಟು ಕಷ್ಟಪಡುತ್ತಿದ್ದನೆಂದರೆ ಅವನ ಕತ್ತಿನ ನರ ಎದ್ದು ನಿಂತಿತ್ತು.

ಬಾಗಿಲ ಕಡೆಯಿಂದ ಶುರು ಮಾಡಿದಳು. ಹಾರಿಯ ತುದಿ ಸಂದಿಗೆ ಕೊಟ್ಟು ಮೀಟಿದಳು, ಮೊದಲ ಕಲ್ಲು ಎದ್ದಿತು. ಸೆರಗಿನಿಂದ ಹಿಟ್ಟು ಒರೆಸಿದಳು. ಬಿಳಿ ಟೈಲ್ಸು, ಕನ್ನಡಿಯಂತೆ. ಎರಡನೆಯದು. ಮೂರನೆಯದು. ಪ್ರತಿ ಕಲ್ಲನ್ನೂ ಎತ್ತಿ ಗೋಡೆಗೆ ಆನಿಸಬೇಕು, ಒಬ್ಬಳೇ. ಏಳನೆಯದಕ್ಕೆ ತೋಳು ನಡುಗಿತು. ಕಲ್ಲು ವಾಲಿತು. ಆಚೆಯ ತುದಿಯನ್ನು ಇನ್ನೊಂದು ಕೈ ಹಿಡಿಯಿತು. ಶಿವಗಂಗಾಳದು.

"ನಾ ಸಹಾಯ ಮಾಡಾಕ ಬಂದಿಲ್ಲ," ಎಂದಳು ಶಿವಗಂಗಾ. "ಕೆಳಗ ಏನದ ನೋಡಾಕ ಬಂದೀನಿ. ಎತ್ತು."

ಹದಿನಾಲ್ಕು ಕಲ್ಲು ಎದ್ದವು. ಹದಿನಾಲ್ಕರ ಕೆಳಗೂ ನೆಲ ಗಟ್ಟಿಯಾಗಿತ್ತು. ಸುರೇಶಕುಮಾರ ಗಡಿಯಾರ ನೋಡಿದ. ಇನ್ನೂ ಒಂದು ಮಹಡಿ ಉಳಿದಿತ್ತು, ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. "ಸಾಕು ಬಿಡ್ರಿ, ಗೊತ್ತಾಯ್ತು," ಎಂದ. ಲಾಲಮ್ಮ ಹಾರಿಯನ್ನು ಗೋಡೆಗೆ ಆನಿಸಿದಳು. ಎಂಜಿನಿಯರ್ ಬಾಗಿಲ ಕಡೆ ತಿರುಗಿ, ಮತ್ತೆ ನಿಂತು, ಬಚ್ಚಲ ಮುಂದಿನ ಕಲ್ಲನ್ನು ಬೂಟಿನಿಂದ ಒತ್ತಿದ. "ಅದೊಂದು ಎತ್ರಿ. ನೀರು ಬೀಳೋ ಜಾಗ."

ನಾಮದೇವ ಕಣ್ಣು ಮುಚ್ಚಿದ.

ಲಾಲಮ್ಮ ಹಾರಿ ಹಾಕಿದಳು. ಕಲ್ಲು ಎದ್ದಿತು. ಟೈಲ್ಸಿನ ಮೂಲೆಯಿಂದ ನಡುವಿನ ತನಕ ಕಪ್ಪು ಸೀಳು, ಮಣ್ಣು ತುಂಬಿ ಇನ್ನೂ ಕಪ್ಪಾಗಿತ್ತು.

 ಸುರೇಶಕುಮಾರ ಹಾಳೆ ತಿರುಗಿಸಿದ.

"ಇದು ನನ್ನ ಕಲ್ಲಿನಿಂದ ಒಡದಿಲ್ರಿ," ಎಂದಳು ಲಾಲಮ್ಮ. "ಕಲ್ಲು ಹಾಸೋಕ ಮೊದಲೇ ಒಡದದ. ನಮ್ಮವ್ರು ಬಿದ್ದಾಗ ಕೊಡ ಬಿತ್ತು."

"ಹೆಂಗರೆ ಒಡೀಲಿ, ನೀವ ಒಡದಂಗೇ."

"ಹಂಗಲ್ರಿ. ಕೊಡ ಬಿದ್ರ ಟೈಲ್ಸ್ ಯಾಕ ಒಡೀಬೇಕು? ಕೇಳ್ರಿ ಇಲ್ಲಿ."

ಅವಳು ಮಂಡಿಯೂರಿ ಕೂತು ಬಾಗಿಲ ಹತ್ತಿರದ ಟೈಲ್ಸಿಗೆ ಬೆರಳಿನ ಗೆಣ್ಣಿನಿಂದ ಬಡಿದಳು. ಟಕ್. "ಇದು ಗಟ್ಟಿ ಕುಂತದ." ಒಡೆದದ್ದಕ್ಕೆ ಬಡಿದಳು. ಡಬ್. "ಇದರ ಕೆಳಗ ಸಿಮೆಂಟು ಮುಟ್ಟಿಲ್ಲ, ಹವಾ ಅದ. ಯಾರ್ಡಿನಾಗ ನಾವು ದಿನಾ ಹಿಂಗೇ ಬಡದು ಕೇಳ್ತೀವ್ರಿ. ಪೊಳ್ಳು ಕುಂತದ್ದು ಮ್ಯಾಲಿಂದ ಏನ್ ಬಿದ್ರೂ ಒಡೀತದ."

ಪಕ್ಕದ್ದಕ್ಕೆ ಬಡಿದಳು, ಟಕ್. ಅದರ ಪಕ್ಕದ್ದಕ್ಕೆ, ಡಬ್. ಅವಳಿಗೆ ಒಂದೇ ಧ್ಯಾನ, ತಾನು ಒಡೆದಿಲ್ಲ ಎಂದು ತೋರಿಸಬೇಕು. ಬಡಿಯುತ್ತ ಬಡಿಯುತ್ತ ಮೊಣಕಾಲಲ್ಲೇ ಬಾಗಿಲು ದಾಟಿ ಹೊರಗಿನ ಕಾರಿಡಾರಿಗೆ ಬಂದಳು. ಡಬ್. ಡಬ್. ಟಕ್. ಡಬ್. "ಇಲ್ಲೂ ಹಂಗೇ ಅದ ನೋಡ್ರಿ ಸಾಹೇಬ್ರ. ಇದಂತೂ ಭಾಳ ಪೊಳ್ಳು."

ಸುರೇಶಕುಮಾರನ ಮುಖದ ಬಣ್ಣ ಟೈಲ್ಸಿಗೆ ಸಮನಾಯಿತು. ಗುತ್ತೇದಾರನ ಕೆಲಸ ಸರಿಯಾಗಿದೆ ಎಂದು ಕಾಗದದ ಮೇಲೆ ಸಹಿ ಹಾಕಿದವನು ಅವನೇ. ಲಾಲಮ್ಮನಿಗೆ ಅದು ಗೊತ್ತಿರಲಿಲ್ಲ. ಅವಳು ತನ್ನ ಮನೆ ಉಳಿಸಿಕೊಳ್ಳಲು ಬಡಿಯುತ್ತಿದ್ದಳು, ಅವನಿಗೆ ತನ್ನ ಕುರ್ಚಿಗೇ ಬಡಿದಂತೆ ಕೇಳಿಸುತ್ತಿತ್ತು. ಎದುರು ಮನೆಯ ಬಾಗಿಲು ತೆರೆಯಿತು. ಕೆಳಗಿನವರು ಯಾರೋ ಏನದು ಸದ್ದು ಎಂದು ಕೇಳಿದರು.

"ನಮ್ಮ ಮನಿಯಾಗೂ ಬಡದು ನೋಡ್ ಬಾ ಲಾಲಮ್ಮಾ!" ಎಂದಳು ಶಿವಗಂಗಾ, ತಕರಾರನ್ನೇ ಮರೆತು.

"ಸಾಕು, ಸಾಕು! ಎದ್ದೇಳ್ರಿ ಬಾಯಾರ!" ಸುರೇಶಕುಮಾರ ಅವಸರದಿಂದ ಬರೆದ. "ತಗೋರಿ, ಆಯ್ತು. ಸಹಿ ಮಾಡ್ರಿ. ಮುಂದಿನ ಹನ್ನೊಂದ ತಿಂಗಳು ಮಂಜೂರು."

ನಾಮದೇವ ಮಂಚದಿಂದ ಎದ್ದೇ ಬಿಟ್ಟ. ಲಾಲಮ್ಮ ಹಾಳೆ ತೆಗೆದುಕೊಂಡು ಬೆರಳಿಟ್ಟು ಓದತೊಡಗಿದಳು.

"ಓದೂದು ಬ್ಯಾಡ, ಸಹಿ ಮಾಡು," ಎಂದ ನಾಮದೇವ ಹಲ್ಲಿನ ಸಂದಿಯಲ್ಲಿ.

ಅವಳು ಓದಿದಳು. 'ನೆಲ ಯಥಾಸ್ಥಿತಿ. ಬಾಡಿಗೆದಾರರ ಸ್ವಂತ ಸಾಮಾನು: ಮಂಚ ಒಂದು, ಕಬ್ಬಿಣದ ಪೆಟ್ಟಿಗೆ ಒಂದು, ಫರಸಿ ಕಲ್ಲು ಇಪ್ಪತ್ತೆರಡು.'

"ಒಡದಿದ್ದು ಬರದಿಲ್ರಿ."

"ಬ್ಯಾಡ ಬಿಡ್ರಿ. ನಿಮಗೇ ಛಲೋ ಆಯ್ತಲ್ಲ?"

"ಹೆಂಗ ಛಲೋ? ಮುಂದಿನ ವರ್ಷ ನೀವು ಬರ್ತೀರೋ ಇನ್ಯಾರ ಬರ್ತಾರೋ. ನೆಲ ಸರಿ ಇತ್ತಂತ ಈಗ ಸಹಿ ಮಾಡಿದ್ರ, ಆವಾಗ ನಾನೇ ಒಡದಂಗ ಆಗ್ತದ. ಮೊದಲೇ ಒಡದಿತ್ತು ಅಂತ ಬರೀರಿ, ಮಾಡ್ತೀನಿ."

"ಬರೀಲಿಲ್ಲಂದ್ರ?"

ಲಾಲಮ್ಮ ಪೆನ್ನನ್ನು ವಾಪಸು ಚಾಚಿದಳು.  ಸಿಕ್ಕ ಮನೆಯನ್ನು ಅಂಗೈಯಲ್ಲಿಟ್ಟು ಹಿಂದಕ್ಕೆ ಕೊಟ್ಟಂತೆ ನಾಮದೇವನಿಗೆ ಕಂಡಿತು.  ಸುರೇಶಕುಮಾರ ಪೆನ್ನು ನೋಡಿದ, ಒಡೆದ ಟೈಲ್ಸು ನೋಡಿದ, ಕಾರಿಡಾರಿನಲ್ಲಿ ಕೂಡುತ್ತಿದ್ದ ಮಂದಿಯನ್ನು ನೋಡಿದ. ಒಬ್ಬ ಆಗಲೇ ಮಂಡಿಯೂರಿ ಬಡಿದು ನೋಡುತ್ತಿದ್ದ. ಎಂಜಿನಿಯರ್ ಪೆನ್ನು ಕಸಿದು ಒಂದು ಸಾಲು ಸೇರಿಸಿದ: 'ಬಚ್ಚಲ ಮುಂದೆ ಟೈಲ್ಸ್ ಒಂದು ಒಡೆದಿದೆ, ಕಟ್ಟಡದ ಮೂಲ ದೋಷ.' ಅದರ ಕೆಳಗೆ ತನ್ನ ಸಹಿ. ಅದರ ಪಕ್ಕದಲ್ಲಿ ಲಾಲಮ್ಮ ಒಂದೊಂದೇ ಅಕ್ಷರ ಕೂಡಿಸಿ ತನ್ನ ಪೂರ್ತಿ ಹೆಸರು ಬರೆದಳು. ಅಡ್ಡಹೆಸರನ್ನೂ ಬಿಡಲಿಲ್ಲ.

ಎಂಜಿನಿಯರ್ ಹೋದ. ಎಬ್ಬಿಸಿದ ಹದಿನೈದು ಕಲ್ಲುಗಳ ನಡುವೆ ಲಾಲಮ್ಮ ಕೂತು ಸೆರಗು ಮುಖಕ್ಕೆ ಹಿಡಿದಳು. ನಾಮದೇವ ಬರಿಯ ಟೈಲ್ಸಿನ ಮೇಲೆ, ಗೋಡೆ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಅವಳ ಹತ್ತಿರ ಬಂದು ಕೂತ.

"ಪೆನ್ನು ವಾಪಸ್ ಕೊಟ್ಟೆಲ್ಲ," ಎಂದ. "ಅಂವ ಇಸ್ಕೊಂಡು ಹೋಗಿದ್ರ?"

"ಹೋಗಿದ್ರ ಈ ಕಲ್ಲು ಮತ್ತ ತಲಿ ಮ್ಯಾಲ ಹೊತ್ತು ಇಳೀಬೇಕಿತ್ತು," ಎಂದಳು ಲಾಲಮ್ಮ. "ಏಳ್ರಿ. ಹಾರಿ ಕೊಡ್ರಿ. ಬೆಳಕಿದ್ದಾಗ ಕೂಡಸ್ತೀನಿ."

ಆಚೆಯ ತುದಿಯಲ್ಲಿ ಶಿವಗಂಗಾ ಹೋಗದೆ ನಿಂತಿದ್ದಳು. ಬಗ್ಗಿ ಕಲ್ಲಿನ ಅಂಚು ಹಿಡಿದಳು. "ಠಣ್ ಠಣ್ ಮಾಡಬ್ಯಾಡ ಮತ್ತ," ಎಂದಳು. "ಸಾವಕಾಶ ಇಡು."

ಹದಿನೈದೂ ಕಲ್ಲು ಕೂತವು, ಒಂದೂ ಸದ್ದಿಲ್ಲದೆ. ಕೂತ ಕೊನೆಯ ಕಲ್ಲು ಎಷ್ಟು ಬಿಗಿಯಾಗಿತ್ತೆಂದರೆ ಅದರ ಸಂದಿಯಲ್ಲಿ ಸಿಕ್ಕ ಇರುವೆಯೊಂದು ಇವತ್ತಿಗೂ...

ಹಾಂ? ಊಟಕ್ಕಾ? ಬಂದೆ, ಬಂದೆ ತಾಯಿ. ಬದನೆಕಾಯಿ ಪಲ್ಯ ಆರಲು ಬಿಡಬೇಡ, ಬಂದೆ. ಏಳಪ್ಪ, ನೀನೂ ಕೈ ತೊಳಿ.